ಬರೆದುಕೊಡುವವರು ಬೇಡ, ಜೊತೆಗೆ ಕೂತು ಓದುವವರು ಬೇಕು

ಅಪರಾಧಶಾಸ್ತ್ರ (ಕ್ರಿಮಿನಾಲಜಿ) ಓದುವ ಮಕ್ಕಳಿಂದ, ಅವರ ಅಪ್ಪ ಅಮ್ಮಂದಿರಿಂದ ಈಚೆಗೆ ಪತ್ರಗಳು ಜಾಸ್ತಿ ಬರುತ್ತಿವೆ. ಒಂದೊಂದು ಸಂಚಿಕೆಗೆ ಒಂದೊಂದು ಹಾಕುತ್ತಾ ಹೋದರೆ ಹೇಳಿದ್ದನ್ನೇ ಹೇಳಬೇಕಾಗುತ್ತದೆ. ಅದಕ್ಕೇ ಈ ಸಲದ ಪ್ರಶ್ನೋತ್ತರ ಪೂರ್ತಿ ಇದೇ ವಿಷಯಕ್ಕೆ. ಉದ್ದದ ಪತ್ರಗಳಿಗೆ ಕತ್ತರಿ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಊರು ಕುಂದಾಪುರದ ಹತ್ತಿರ. ಅಪ್ಪ ಘಾಟ್‌ಕೋಪರ್‌ನಲ್ಲಿ ಒಂದು ಆಫೀಸಿನ ಕ್ಯಾಂಟೀನ್ ನಡೆಸುತ್ತಾರೆ, ಮನೆ ಡೊಂಬಿವಲಿಯಲ್ಲಿ. ನಾನು ಎಸ್ಎಸ್ಎಲ್‌ಸಿವರೆಗೆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಇಲ್ಲಿ ಕ್ರಿಮಿನಾಲಜಿ ಎಂ.ಎ. ಮೊದಲ ವರ್ಷ. ಥಿಯರಿ ಪೇಪರ್ ತಲೆಗೇ ಹತ್ತುವುದಿಲ್ಲ, ಹೆಸರುಗಳೆಲ್ಲ ಕಲಸಿಹೋಗುತ್ತವೆ. ಕ್ಲಾಸಿನವನೊಬ್ಬ ಒಂದು ನಂಬರ್ ಕೊಟ್ಟಿದ್ದಾನೆ, ಪುಟಕ್ಕೆ ಇಷ್ಟು ಅಂತ ತೆಗೆದುಕೊಂಡು ಅಸೈನ್‌ಮೆಂಟ್ ಬರೆದು ಕಳಿಸುತ್ತಾರಂತೆ. 'ಇದರಿಂದ ಯಾರಿಗೂ ನಷ್ಟ ಇಲ್ಲ ಮಾರಾಯ, ಪಾಠ ಮಾಡುವವರೇ ಸರಿಯಾಗಿ ಮಾಡುವುದಿಲ್ಲ, ನಮ್ಮನ್ನು ಕೇಳುವುದಕ್ಕೆ ಅವರು ಯಾರು' ಅಂತಾನೆ. ತಪ್ಪಾ ಇದು? ಬೇರೆ ದಾರಿ ಇದ್ದರೆ ಹೇಳಿ.

ಉತ್ತರ: ತಪ್ಪೇ. ಇನ್ನೊಬ್ಬರ ಹತ್ತಿರ ಬರೆಸಿ ನಿಮ್ಮ ಹೆಸರು ಹಾಕಿಕೊಟ್ಟರೆ ಅದು ಮೋಸ, ಅದೂ ಜನ ಯಾಕೆ ಮೋಸ ಮಾಡುತ್ತಾರೆ ಅಂತ ಕಲಿಸುವ ಕೋರ್ಸಿನಲ್ಲಿ.

ಆದರೆ ನಿಮ್ಮ ಸ್ನೇಹಿತನಿಗೆ ಒಂದು ಥ್ಯಾಂಕ್ಸ್ ಹೇಳಿ. ನಿಮಗೆ ತಲೆಗೆ ಹತ್ತದ ಥಿಯರಿ ಪೇಪರಿನ ಒಂದು ಪಾಠವನ್ನು ಅವನು ಪುಕ್ಕಟೆ ಮಾಡಿ ಮುಗಿಸಿದ್ದಾನೆ. ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಅಂತ ಇಬ್ಬರು 1957ರಲ್ಲಿ ಒಂದು ಮಾತು ಹೇಳಿದರು. ತಪ್ಪು ಮಾಡುವ ಹುಡುಗರಿಗೆ ಸರಿ ಯಾವುದು ತಪ್ಪು ಯಾವುದು ಅಂತ ಗೊತ್ತೇ ಇರುತ್ತದೆ, ಆದರೆ ಮನಸ್ಸು ಚುಚ್ಚದ ಹಾಗೆ ಅವರು ಮೊದಲೇ ಒಂದು ಸಮಾಧಾನ ಹುಡುಕಿಕೊಂಡಿರುತ್ತಾರೆ. ಅಂಥ ಸಮಾಧಾನಗಳನ್ನು ಅವರು ಐದು ಬಗೆ ಮಾಡಿದರು: ನನ್ನ ಕೈಯಲ್ಲಿ ಏನೂ ಇರಲಿಲ್ಲ ಅನ್ನುವುದು, ಯಾರಿಗೂ ನಷ್ಟವಾಗಿಲ್ಲ ಅನ್ನುವುದು, ಅವನಿಗೆ ಹಾಗೇ ಆಗಬೇಕಿತ್ತು ಅನ್ನುವುದು, ಕೇಳುವವರೇ ಸರಿಯಿಲ್ಲ ಅನ್ನುವುದು, ನಮ್ಮವರಿಗಾಗಿ ಮಾಡಿದೆ ಅನ್ನುವುದು. ನಿಮ್ಮ ಸ್ನೇಹಿತ ಐದರಲ್ಲಿ ಎರಡನ್ನು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಾನೆ ನೋಡಿ. ಇನ್ನು ಈ ಉತ್ತರ ಪರೀಕ್ಷೆಯಲ್ಲಿ ಮರೆಯುತ್ತದಾ? ಮರೆಯುವುದಿಲ್ಲ. ನಿಮಗೆ ಬೇಕಾಗಿರುವುದು ಇದು. ಹೆಸರು, ಇಸವಿ ಉರುಹೊಡೆಯುವ ಮೊದಲು ಆ ಮಾತು ಯಾವ ಮನುಷ್ಯನ ಬಾಯಲ್ಲಿ, ಯಾವ ಜಾಗದಲ್ಲಿ ಕೇಳಿಸುತ್ತದೆ ಅಂತ ನೋಡಬೇಕು.

ಡೊಂಬಿವಲಿಯಿಂದ ದಿನಾ ಲೋಕಲ್‌ನಲ್ಲಿ ಬರುವವರಲ್ವಾ ನೀವು? ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತವನ ಕೈಗೆ ಹಳಿ ಪಕ್ಕದಿಂದ ಕೋಲಿನಲ್ಲಿ ಹೊಡೆದು, ಬಿದ್ದ ಫೋನ್ ಎತ್ತಿಕೊಂಡು ಓಡುವ ಫಟ್ಕಾ ಗ್ಯಾಂಗ್ ಬಗ್ಗೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಹೇಳಿದ್ದು ಇಷ್ಟೇ: ಮಾಡಬೇಕು ಅಂತಿರುವ ಒಬ್ಬ, ಕೈಗೆ ಸಿಗುವ ಒಂದು ವಸ್ತು, ಕಾಯುವವರು ಇಲ್ಲದಿರುವುದು, ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಿದರೆ ಅಪರಾಧ ನಡೆಯುತ್ತದೆ. ಗಾಡಿ ಯಾಕೆ ಅಲ್ಲೇ ನಿಧಾನವಾಗುತ್ತದೆ, ಯಾವ ಕಂಬದ ಹತ್ತಿರ ಅವರು ನಿಲ್ಲುತ್ತಾರೆ, ಬಾಗಿಲಲ್ಲಿ ನಿಲ್ಲುವವರು ಯಾವ ಹೊತ್ತಿಗೆ ಜಾಸ್ತಿ ಅಂತ ನೀವು ಬರೆದರೆ ಆ ಥಿಯರಿಯ ಮೇಲೆ ನಿಮಗಿಂತ ಒಳ್ಳೆಯ ಎರಡು ಪುಟವನ್ನು ಆ ನಂಬರಿನವರು ಬರೆಯಲಾರರು. ಅವರು ಲೋಕಲ್ ಹತ್ತಿರುವುದೂ ಅನುಮಾನ.

ರಾಬರ್ಟ್ ಮರ್ಟನ್ 1938ರಲ್ಲಿ ಹೇಳಿದ್ದನ್ನೂ ಹೀಗೇ ನೋಡಿ. ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸುತ್ತದೆ, ಆದರೆ ದಾರಿ ಎಲ್ಲರಿಗೂ ಕೊಡುವುದಿಲ್ಲ. ಮುಂಬೈಗೆ ಬಂದವರೆಲ್ಲರ ಗುರಿಯೂ ದುಡ್ಡು ಮಾಡುವುದೇ ಅಲ್ವಾ. ಹೋಟೆಲಿನಲ್ಲಿ ತಟ್ಟೆ ತೊಳೆದು, ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅವರು ಗುರಿಯನ್ನೂ ಒಪ್ಪಿದರು, ದಾರಿಯನ್ನೂ ಒಪ್ಪಿದರು. ಗುರಿ ಅದೇ ಇಟ್ಟುಕೊಂಡು ಮಟ್ಕಾ ಬರೆಯಲು ಕೂತವನು ದಾರಿ ಬದಲಾಯಿಸಿದ. ದುಡ್ಡಿನ ಕನಸು ಬಿಟ್ಟರೂ ದಿನಾ ಅದೇ ಗಾಡಿ ಹಿಡಿದು ಅದೇ ಮೇಜಿಗೆ ಹೋಗುವ ಗುಮಾಸ್ತ ಇನ್ನೊಂದು ಬಗೆ. ಎರಡನ್ನೂ ಬಿಟ್ಟು ಕುಡಿತಕ್ಕೆ ಬಿದ್ದವನು ನಾಲ್ಕನೆಯವನು. ಗುರಿಯೂ ಬೇಡ, ದಾರಿಯೂ ಬೇಡ, ವ್ಯವಸ್ಥೆಯೇ ಬೇರೆ ಬೇಕು ಅನ್ನುವವನು ಐದನೆಯವನು. ಮೊದಲು ಕನ್ನಡದಲ್ಲೇ ಹೀಗೆ ಬರೆದುಕೊಳ್ಳಿ, ಆಮೇಲೆ ಈ ಐದು ಬಗೆಗೆ ಮರ್ಟನ್ ಇಟ್ಟ ಇಂಗ್ಲಿಷ್ ಹೆಸರುಗಳನ್ನು ತಂದು ಪಕ್ಕದಲ್ಲಿ ಕೂರಿಸಿ. ಉಲ್ಟಾ ಮಾಡಲು ಹೋಗುವುದರಿಂದಲೇ ಎಲ್ಲ ಕಲಸಿಹೋಗುವುದು.

ಸಮಾಜ ಕೆಲವರಿಗೆ ಕೆಟ್ಟವರು ಅಂತ ಹಣೆಪಟ್ಟಿ ಹಚ್ಚುವ ಬಗ್ಗೆ ಹೊವಾರ್ಡ್ ಬೆಕರ್ 1963ರಲ್ಲಿ ಬರೆದದ್ದು ನಿಮ್ಮ ಸಿಲಬಸ್ಸಿನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಅಮೆರಿಕದ ಉದಾಹರಣೆ ಯಾಕೆ? 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿನಿಂದಲೇ ಅಪರಾಧಿಗಳು ಅಂತ ಇಡೀ ಸಮುದಾಯಗಳ ಹೆಸರು ಬರೆದಿಟ್ಟಿತು. ಸೊಲ್ಲಾಪುರದಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ತಂತಿಬೇಲಿಯೊಳಗೆ ಅವರನ್ನು ಇಟ್ಟ ಸೆಟ್ಲ್‌ಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಜಾಗವನ್ನು ಸೆಟ್ಲ್‌ಮೆಂಟ್ ಅಂತಲೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ದೇಶದಾದ್ಯಂತ ರದ್ದಾಯಿತು, ಅನುಮಾನ ಹೋಯಿತಾ? ಇದನ್ನು ಕೇಳಿ ಬರೆದರೆ ಅದೇ ಒಂದು ಡಿಸರ್ಟೇಶನ್ ಆಗುತ್ತದೆ.

ಈಗ ಸಹಾಯ ಯಾರು ಮಾಡುತ್ತಾರೆ ಅನ್ನುವ ವಿಷಯ. ಮೊದಲು ನಿಮ್ಮ ವಿಭಾಗದಲ್ಲೇ ಕೇಳಿ. ಇಂಗ್ಲಿಷ್ ಕಷ್ಟವಾಗುವ ಮಕ್ಕಳಿಗೆ ರೆಮಿಡಿಯಲ್ ತರಗತಿ ನಡೆಸುವ ಕಾಲೇಜುಗಳು ಎಷ್ಟೋ ಇವೆ, ಕೇಳದೇ ಯಾರೂ ಕರೆದು ಕೂರಿಸುವುದಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಇ-ಪಿಜಿ ಪಾಠಶಾಲಾ ಜಾಲತಾಣದಲ್ಲಿ ಕ್ರಿಮಿನಾಲಜಿ ಪಾಠಗಳು ಪುಕ್ಕಟೆ ಸಿಗುತ್ತವೆ, ಇಂಗ್ಲಿಷೂ ತೀರಾ ಕಷ್ಟದ್ದಲ್ಲ. ಹಳೆಯ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿವೆ. ಕದಿಯಲು ಹೇಳುತ್ತಿಲ್ಲ, ಒಂದು ಅಧ್ಯಾಯವನ್ನು ಹೇಗೆ ಕಟ್ಟುತ್ತಾರೆ ಅಂತ ನೋಡಲು ಹೇಳುತ್ತಿದ್ದೇನೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದ ಕೋರ್ಟಿನ ವೆಬ್‌ಸೈಟಿನಲ್ಲೇ ಸಿಗುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಮೂಲ ಓದಿ. ಇನ್ನೊಂದು, ನಮ್ಮ ಮುಂಬೈ ಕನ್ನಡಿಗರ ಸಂಘಸಂಸ್ಥೆಗಳಿಗೆ ಯಕ್ಷಗಾನ ಇದ್ದಾಗ ಮಾತ್ರ ಹೋಗುವುದಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ ಇರಲಿ, ಕುರ್ಲಾದ ಬಂಟರ ಸಂಘ ಇರಲಿ, ಅಲ್ಲಿ ಬಂದು ಹೋಗುವವರಲ್ಲಿ ವಕೀಲರು ಎಷ್ಟು ಮಂದಿ! ವಾರಕ್ಕೊಮ್ಮೆ ಒಂದು ಗಂಟೆ ಜೊತೆಗೆ ಕೂತು ಒಂದು ತೀರ್ಪು ಓದಿಸುತ್ತೀರಾ ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಬರೆದುಕೊಡಿ ಅಂತ ಮಾತ್ರ ಕೇಳಬೇಡಿ.

ಕಲ್ಯಾಣ ಕೋರ್ಟ್ ನಿಮ್ಮ ಮನೆಗೆ ಹತ್ತಿರ. ಸಾಮಾನ್ಯವಾಗಿ ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ಮರಾಠಿ ನಿಮಗೆ ಹೇಗೂ ಕಿವಿಗೆ ಬಿದ್ದಿರುತ್ತದೆ. ರಜೆಯಲ್ಲಿ ಹೋಗಿ ಕೂತುಬನ್ನಿ.

ಮತ್ತೆ ಆ ನಂಬರಿನ ವಿಷಯ. ಡಿಸರ್ಟೇಶನ್, ಪಿಎಚ್‌ಡಿಯಂಥ ಪ್ರಬಂಧಗಳಲ್ಲಿ ನಕಲು ಸಿಕ್ಕಿದರೆ ಏನು ಮಾಡಬೇಕು ಅಂತ ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಶೇಕಡ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ಕೊಡುವ ಹಾಗೇ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ದುಡ್ಡಿಗೆ ಬರೆಯುವವರು ಒಂದೇ ಸರಕನ್ನು ಹತ್ತು ಜನಕ್ಕೆ ಮಾರುವುದಿಲ್ಲ ಅಂತ ಯಾವ ಗ್ಯಾರಂಟಿ? ಸಾಫ್ಟ್‌ವೇರ್‌ಗೆ ಸಿಗಲಿಲ್ಲ ಅಂತಲೇ ಇಟ್ಟುಕೊಳ್ಳಿ, ವೈವಾದಲ್ಲಿ 'ಈ ಸಾಲು ಯಾಕೆ ಬರೆದಿರಿ' ಅಂತ ಕೇಳಿದರೆ ಏನು ಹೇಳುತ್ತೀರಿ?

ಪ್ರಶ್ನೆ: ನನ್ನ ಮಗಳು ಈಗ ಹನ್ನೆರಡನೇ ತರಗತಿ, ಆರ್ಟ್ಸ್. ಕ್ರಿಮಿನಾಲಜಿ ಓದುತ್ತೇನೆ, ಕಾಲಿನಾದ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಮ್ಮ ಅತ್ತೆಯವರು 'ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವ ವಿದ್ಯೆ ನಮಗ್ಯಾಕೆ' ಅಂತಾರೆ. ಕೆಲಸ ಸಿಗುತ್ತದಾ? – ಒಬ್ಬ ತಾಯಿ, ಮುಲುಂಡ್

ಉತ್ತರ: ನೀವು ಅತ್ತೆಯವರ ಮಾತಿಗೆ ತಲೆಕೆಡಿಸಿಕೊಳ್ಳುವ ಮೊದಲು ಮಗಳ ಮಾತಿನಲ್ಲಿರುವ ಗೊಂದಲ ಬಿಡಿಸಿ. ಅವಳು ಎರಡು ಬೇರೆ ಬೇರೆ ವಿದ್ಯೆಗಳನ್ನು ಸೇರಿಸಿದ್ದಾಳೆ. ಕಾಲಿನಾದಲ್ಲಿರುವುದು ವಿಧಿವಿಜ್ಞಾನ ಪ್ರಯೋಗಾಲಯ. ಅಲ್ಲಿ ರಕ್ತ, ವಿಷ, ಡಿಎನ್‌ಎ ಪರೀಕ್ಷೆ ನಡೆಯುತ್ತದೆ, ಅದಕ್ಕೆ ಸೈನ್ಸ್ ಬೇಕೇ ಬೇಕು. ಆರ್ಟ್ಸ್ ತೆಗೆದುಕೊಂಡ ಮೇಲೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದ ಹಾಗೇ. ಅಪರಾಧಶಾಸ್ತ್ರ ಅದಲ್ಲ. ಅಪರಾಧ ಯಾಕೆ ಆಗುತ್ತದೆ, ಶಿಕ್ಷೆಯಿಂದ ಏನಾಗುತ್ತದೆ, ಜೈಲಿನಿಂದ ಬಂದವನು ಮತ್ತೆ ಯಾಕೆ ಅಲ್ಲಿಗೇ ಹೋಗುತ್ತಾನೆ, ನೊಂದವರ ಗತಿ ಏನು ಅಂತ ಕೇಳುವ ಸಮಾಜವಿಜ್ಞಾನ. ಅದಕ್ಕೆ ಆರ್ಟ್ಸ್ ಸರಿಯಾಗಿಯೇ ಇದೆ. ಕರ್ನಾಟಕದಲ್ಲಿ ಇವೆರಡನ್ನೂ ಒಂದೇ ವಿಭಾಗದಲ್ಲಿ ಕಲಿಸುವುದುಂಟು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗದ ಹೆಸರಿನಲ್ಲೇ ಎರಡೂ ಇವೆ. ಮಕ್ಕಳಿಗೆ ಗೊಂದಲವಾಗುವುದು ಸಹಜ.

ಕೆಲಸದ ವಿಷಯ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಈ ಡಿಗ್ರಿ ಇದೆ ಅಂತ ಯಾರೂ ಕರೆದು ಪಿಎಸ್ಐ ಮಾಡುವುದಿಲ್ಲ, ಅದಕ್ಕೆ ಮಹಾರಾಷ್ಟ್ರ ಲೋಕಸೇವಾ ಆಯೋಗದ (ಎಂಪಿಎಸ್‌ಸಿ) ಪರೀಕ್ಷೆ ಬರೆಯಬೇಕು, ಯಾವ ಡಿಗ್ರಿ ಇದ್ದರೂ ಆಗುತ್ತದೆ. ಆದರೆ ಜೈಲಿನ ಬದಲು ನಿಗಾದಲ್ಲಿ ಹೊರಗೆ ಬಿಟ್ಟವರನ್ನು ನೋಡಿಕೊಳ್ಳುವ, 1958ರ ಪ್ರೊಬೇಶನ್ ಕಾಯ್ದೆಯ ಪ್ರೊಬೇಶನ್ ಅಧಿಕಾರಿಗಳು, ಮಕ್ಕಳ ಸುಧಾರಣಾ ಗೃಹಗಳ ಆಪ್ತಸಲಹೆಗಾರರು, ಜೈಲುಗಳಲ್ಲಿ ಕೆಲಸ ಮಾಡುವ ಸಮಾಜ ಕಾರ್ಯಕರ್ತರು, ಬ್ಯಾಂಕುಗಳ ವಂಚನೆ ತಡೆ ವಿಭಾಗದವರು, ಹೀಗೆ ದಾರಿಗಳಿವೆ. ಮಕ್ಕಳ ಮೇಲಿನ ಕೇಸು ನೋಡುವ ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು ಅಂತ ಕಾನೂನಿದೆ. ದೇವನಾರ್‌ನ ಟಾಟಾ ಸಮಾಜವಿಜ್ಞಾನ ಸಂಸ್ಥೆ 1936ರಲ್ಲಿ ಶುರುವಾದದ್ದು, ಸಮಾಜಕಾರ್ಯದ ಜೊತೆಗೆ ಕ್ರಿಮಿನಾಲಜಿ ಕಲಿಸುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಅದರದ್ದೇ 'ಪ್ರಯಾಸ್' ಅನ್ನುವ ಯೋಜನೆ 1990ರಿಂದ ಕೈದಿಗಳ, ಅವರ ಮನೆಯವರ ಮಧ್ಯೆ ಕೆಲಸ ಮಾಡುತ್ತಿದೆ. ಡಿಗ್ರಿ ಮುಗಿಯುವಷ್ಟರಲ್ಲಿ ಮಗಳು ಅಂಥ ಕಡೆ ಒಂದಿಷ್ಟು ದಿನ ಇದ್ದು ನೋಡಲಿ.

ಅತ್ತೆಯವರಿಗೆ ಹೇಳಿ, ಮೆಟ್ಟಿಲು ಹತ್ತಬೇಕಾಗಿ ಬಂದವರಿಗೆ ದಾರಿ ತೋರಿಸುವವರು ನಮ್ಮ ಮನೆಯಲ್ಲೇ ಒಬ್ಬರಿದ್ದರೆ ಒಳ್ಳೆಯದು ಅಂತ. ಒಪ್ಪುತ್ತಾರೋ ಇಲ್ಲವೋ ಅದು ನಿಮ್ಮ ಮನೆಯ ಮಾತು.

ಪ್ರಶ್ನೆ: ಮುಂಬೈ ಮತ್ತು ಬೆಂಗಳೂರಿನಲ್ಲಿ ಯಾವುದು ಜಾಸ್ತಿ ಅಪರಾಧದ ಊರು ಅಂತ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಅಂಕಿಅಂಶ ಇಟ್ಟುಕೊಂಡು ಪ್ರಾಜೆಕ್ಟ್ ಮಾಡಿದೆ. ಗ್ರಾಫ್ ಎಲ್ಲ ಚೆನ್ನಾಗಿತ್ತು. ಗೈಡ್ 'ಇದು ಅಪರಾಧದ ಹೋಲಿಕೆ ಅಲ್ಲ' ಅಂತ ಒಂದೇ ಸಾಲು ಬರೆದು ವಾಪಸ್ ಕೊಟ್ಟರು. ಸರ್ಕಾರಿ ಅಂಕಿಯಲ್ಲಿ ಏನು ತಪ್ಪು? – ಪಿಂಪ್ರಿ, ಪುಣೆ

ಉತ್ತರ: ಅಂಕಿಯಲ್ಲಿ ತಪ್ಪಿಲ್ಲ. ಅದು ಏನನ್ನು ಎಣಿಸುತ್ತದೆ ಅನ್ನುವುದನ್ನು ನೀವು ನೋಡಿಲ್ಲ ಅಷ್ಟೇ. ನಿಮ್ಮ ಗೈಡ್ ಇನ್ನೂ ಎರಡು ಸಾಲು ಬರೆದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ, ಇರಲಿ.

ಎನ್‌ಸಿಆರ್‌ಬಿ ಎಣಿಸುವುದು ಪೊಲೀಸರು ದಾಖಲಿಸಿದ ಪ್ರಕರಣಗಳನ್ನು, ನಡೆದ ಅಪರಾಧಗಳನ್ನಲ್ಲ. ಪರ್ಸ್ ಹೋದರೆ ನಮ್ಮಲ್ಲಿ ಎಷ್ಟು ಜನ ದೂರು ಕೊಡುತ್ತಾರೆ? ಕೊಟ್ಟರೂ ಎಷ್ಟು ಕಡೆ ಎಫ್‌ಐಆರ್ ಆಗುತ್ತದೆ? ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಬೇಕಾಗಿ ಬಂತು ಅಂದರೆ ಮೊದಲು ಸ್ಥಿತಿ ಹೇಗಿತ್ತು ಅಂತ ನೀವೇ ಊಹಿಸಿ. ಅಂದರೆ ದೂರು ಸರಿಯಾಗಿ ಬರೆದುಕೊಳ್ಳುವ ಊರಿನ ಅಂಕಿ ಏರುತ್ತದೆ, ಬರೆದುಕೊಳ್ಳದ ಊರು ಸಾಧುವಾಗಿ ಕಾಣುತ್ತದೆ. 2012ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 24,923, ಮುಂದಿನ ವರ್ಷ 33,707. ಒಂದೇ ವರ್ಷದಲ್ಲಿ ಗಂಡಸರು ಅಷ್ಟು ಕೆಟ್ಟುಹೋದರಾ? 2012ರ ಡಿಸೆಂಬರಿನಲ್ಲಿ ದೆಹಲಿಯ ಆ ಸಾಮೂಹಿಕ ಅತ್ಯಾಚಾರ ಆದಮೇಲೆ ದೂರು ಕೊಡಲು ಹೆಂಗಸರು ಮುಂದೆ ಬಂದರು, 2013ರ ತಿದ್ದುಪಡಿಯಿಂದ ಅಪರಾಧದ ವ್ಯಾಖ್ಯೆಯೂ ಹಿಗ್ಗಿತು. ಏರಿದ ಗೆರೆಯನ್ನು ಕಂಡ ಕೂಡಲೇ ಕಾಲ ಕೆಟ್ಟಿತು ಅಂತ ಬರೆಯುವುದು ಪತ್ರಿಕೆಯವರ ಕೆಲಸ, ನಮ್ಮದಲ್ಲ. ನಾನೂ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ, ಆದರೂ.

ಇನ್ನೊಂದು ನಿಯಮ ತುಂಬಾ ಜನ ಗಮನಿಸುವುದಿಲ್ಲ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಕೊಲೆ ಮಾಡಿ ಚಿನ್ನ ಕದ್ದರೆ ಅದು ಕೊಲೆಯ ಪಟ್ಟಿಗೆ ಹೋಗುತ್ತದೆ, ಕಳ್ಳತನದ ಪಟ್ಟಿಯಲ್ಲಿ ಅದು ಇಲ್ಲ.

ಮೂರನೆಯದು ನಿಮ್ಮ ಹೋಲಿಕೆಗೇ ಕೊಡಲಿ ಹಾಕುತ್ತದೆ. ಅಪರಾಧದ ಪ್ರಮಾಣ ಅಂದರೆ ಒಂದು ಲಕ್ಷ ಜನರಿಗೆ ಎಷ್ಟು ಪ್ರಕರಣ ಅಂತ. ಮಹಾನಗರಗಳ ಕೋಷ್ಟಕದಲ್ಲಿ ಹಿಡಿದಿರುವ ಜನಸಂಖ್ಯೆ 2011ರ ಜನಗಣತಿಯದು. ಅದರಲ್ಲಿ ಮುಂಬೈ 184.1 ಲಕ್ಷ, ಬೆಂಗಳೂರು 85 ಲಕ್ಷ. ಬೆಂಗಳೂರಿನಲ್ಲಿ ಈಗಲೂ 85 ಲಕ್ಷವೇ ಅಂತ ಹೇಳಿದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರು ನಗುತ್ತಾರೆ. ಕೆಳಗಿನ ಸಂಖ್ಯೆ ಹಳೆಯದು, ಮೇಲಿನ ಪ್ರಕರಣಗಳು ಹೊಸವು, ಭಾಗಿಸಿದರೆ ಊರು ಇರುವುದಕ್ಕಿಂತ ಭಯಂಕರವಾಗಿ ಕಾಣುತ್ತದೆ. ಮುಂಬೈಯ 184 ಲಕ್ಷದಲ್ಲಿ ಠಾಣೆ, ಡೊಂಬಿವಲಿ, ನವಿ ಮುಂಬೈ ಎಲ್ಲ ಬರುತ್ತವೆ. ಆದರೆ ಡೊಂಬಿವಲಿ ಇರುವುದು ಠಾಣೆ ಪೊಲೀಸ್ ಕಮಿಷನರ್ ವ್ಯಾಪ್ತಿಯಲ್ಲಿ, ಲೋಕಲ್ ಗಾಡಿಯ ಕಳ್ಳತನ ರೈಲ್ವೆ ಪೊಲೀಸರ ಹತ್ತಿರ. ಪ್ರಕರಣ ಎಣಿಸಿದ ಎಲ್ಲೆಯೂ ಜನ ಎಣಿಸಿದ ಎಲ್ಲೆಯೂ ಒಂದೇನಾ ಅಂತ ಪರೀಕ್ಷಿಸಿ, ಅದನ್ನೇ ಪ್ರಾಜೆಕ್ಟಿನ ಮೊದಲ ಅಧ್ಯಾಯ ಮಾಡಿ. ಗ್ರಾಫ್ ಬಿಸಾಡಬೇಡಿ. ತಲೆಬರಹ ಬದಲಾಯಿಸಿ: 'ದಾಖಲಾದ ಪ್ರಕರಣಗಳು, ಎರಡು ನಗರಗಳಲ್ಲಿ, ಅವುಗಳ ಮಿತಿಗಳ ಸಮೇತ'. ಗೈಡ್ ಈ ಸಲ ವಾಪಸ್ ಕೊಡಲಾರರು.

ಪ್ರಶ್ನೆ: ಸೀನಿಯರ್‌ಗಳ ನೋಟ್ಸ್ ಪೂರ್ತಿ ಐಪಿಸಿ ಸೆಕ್ಷನ್‌ಗಳು. ಪರೀಕ್ಷೆಯಲ್ಲಿ ಭಾರತೀಯ ನ್ಯಾಯ ಸಂಹಿತೆ ಕೇಳುತ್ತಾರೆ. ಎರಡೂ ಬಾಯಿಪಾಠ ಮಾಡಬೇಕಾ? – ನೆರುಲ್

ಉತ್ತರ: ಬಾಯಿಪಾಠ ಯಾವುದನ್ನೂ ಮಾಡಬೇಡಿ, ಒಂದು ತಾರೀಕು ಮಾತ್ರ ನೆನಪಿಡಿ: 2024ರ ಜುಲೈ 1. ಅದಕ್ಕಿಂತ ಮೊದಲು ನಡೆದ ಕೃತ್ಯಕ್ಕೆ 1860ರ ಐಪಿಸಿ (ಭಾರತೀಯ ದಂಡ ಸಂಹಿತೆ), ಅವತ್ತಿನಿಂದ ಆಚೆಗಿನದ್ದಕ್ಕೆ ಅದರ ಜಾಗಕ್ಕೆ ಬಂದ ನ್ಯಾಯ ಸಂಹಿತೆ. ಕೃತ್ಯ ನಡೆದಾಗ ಇಲ್ಲದ ಕಾನೂನಿನಲ್ಲಿ ಯಾರನ್ನೂ ಶಿಕ್ಷಿಸುವಂತಿಲ್ಲ ಅಂತ ಸಂವಿಧಾನದ 20ನೇ ವಿಧಿಯೇ ಹೇಳುತ್ತದೆ. ಹಾಗಾಗಿ ಇನ್ನೂ ಎಷ್ಟೋ ವರ್ಷ ಕೋರ್ಟುಗಳಲ್ಲಿ ಎರಡೂ ಓಡುತ್ತವೆ, ಸೀನಿಯರ್ ನೋಟ್ಸ್ ಎಸೆಯಬೇಡಿ.

ಐಪಿಸಿಯಲ್ಲಿ 511 ಸೆಕ್ಷನ್ ಇದ್ದವು, ಹೊಸದರಲ್ಲಿ 358. ನಿಮ್ಮ ನೋಟ್ಸಿನಲ್ಲಿ ಪದೇ ಪದೇ ಬರುವವುಗಳಿಗೆ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ. ಕೊಲೆಯ 302 ಈಗ 103. ಕೊಲೆಯತ್ನದ 307 ಈಗ 109. ಕಳ್ಳತನದ 379 ಈಗ 303. ಗಂಡನ ಮನೆಯವರ ಕ್ರೌರ್ಯದ 498ಎ ಈಗ 85, ವರದಕ್ಷಿಣೆ ಸಾವಿನ 304ಬಿ ಈಗ 80. ಹುಷಾರಾಗಿರಿ, 302 ಅನ್ನುವ ಸಂಖ್ಯೆ ಹೊಸದರಲ್ಲೂ ಇದೆ, ಆದರೆ ಅದು ಮಾತಿನಿಂದ ಧಾರ್ಮಿಕ ಭಾವನೆ ನೋಯಿಸುವ ಬಗ್ಗೆ. 304 ಈಗ ಸರ ಕಿತ್ತುಕೊಂಡು ಓಡುವಂಥ ಅಪರಾಧ, ಹೊಸದಾಗಿ ಸೇರಿಸಿದ್ದು. ಮೋಸದ 420 ಈಗ 318ರ ನಾಲ್ಕನೇ ಉಪವಿಭಾಗ. ಪುಸ್ತಕದಲ್ಲಿ 420 ಅನ್ನುವ ಸಂಖ್ಯೆಯೇ ಇಲ್ಲ ಈಗ. ಜನರ ಬಾಯಲ್ಲಿ ಚಾರ್‌ಸೌ ಬೀಸ್ ಹಾಗೇ ಇರುತ್ತದೆ ಬಿಡಿ.

ಸೆಕ್ಷನ್ ಸಂಖ್ಯೆಗಿಂತ ಅಪರಾಧಶಾಸ್ತ್ರದವರಿಗೆ ಮುಖ್ಯವಾದ ಬದಲಾವಣೆ 4ನೇ ಸೆಕ್ಷನ್‌ನಲ್ಲಿದೆ. ಶಿಕ್ಷೆಗಳ ಪಟ್ಟಿಗೆ ಸಮುದಾಯ ಸೇವೆ ಸೇರಿದೆ. ಮೊದಲ ಸಲ 5,000 ರೂಪಾಯಿಗಿಂತ ಕಡಿಮೆ ಬೆಲೆಯದ್ದನ್ನು ಕದ್ದು, ಅದನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟವನಿಗೆ ಜೈಲಿನ ಬದಲು ಅದು. ನಿಮ್ಮ ಶಿಕ್ಷಾಶಾಸ್ತ್ರದ (ಪೀನಾಲಜಿ) ಪೇಪರಿನಲ್ಲಿ ಇದನ್ನು ಬರೆಯಿರಿ.

ಪ್ರಶ್ನೆ: ಅಕ್ಕಾ, ನಾನು ಧಾರವಾಡದಲ್ಲಿ ಓದುತ್ತಿದ್ದೇನೆ, ಮನೆ ಗೋವಾದ ಝುವಾರಿನಗರದಲ್ಲಿ. ಅಪ್ಪ ಅವ್ವ ವಿಜಯಪುರ ಕಡೆಯಿಂದ ಕೂಲಿಗೆ ಬಂದವರು. ನಮ್ಮ ಓಣಿಯ ಹುಡುಗರ ಮೇಲಿನ ಕೇಸುಗಳ ಬಗ್ಗೆ ಡಿಸರ್ಟೇಶನ್ ಮಾಡಬೇಕು ಅಂತಿದ್ದೇನೆ. ಮಕ್ಕಳ ಗೃಹದ ಅನುಮತಿ ಸಿಕ್ಕಿಲ್ಲ. ಮನೆಗೇ ಹೋಗಿ ಮಾತಾಡಿಸಿದರೆ ಆಗಲ್ವಾ? ಇನ್ನೊಂದು, ಓದುತ್ತಾ ಓದುತ್ತಾ ಮಕ್ಕಳ ಮೇಲಿನ ದೌರ್ಜನ್ಯದ ತೀರ್ಪುಗಳು ರಾತ್ರಿ ನಿದ್ದೆ ಕೆಡಿಸುತ್ತಿವೆ. ಯಾರಿಗೂ ಹೇಳಿಲ್ಲ.

ಉತ್ತರ: ನಿದ್ದೆಯ ಮಾತು ಮೊದಲು. ಇದು ನಿಮ್ಮ ದೌರ್ಬಲ್ಯ ಅಲ್ಲ. ಇಂಥದ್ದನ್ನು ದಿನಾ ಓದುವವರಿಗೆ ವಕೀಲರಿರಲಿ, ಪೊಲೀಸರಿರಲಿ ಆಗುವಂಥದ್ದೇ. ರಾತ್ರಿ ಓದಬೇಡಿ, ಹಗಲು ಓದಿ, ಒಂದಾದ ಮೇಲೆ ಒಂದು ಓದಬೇಡಿ. ಗೈಡ್‌ಗೆ ಹೇಳಿ. ಅವರಿಗೆ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರವಾದರೂ ನಿದ್ದೆ ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಇಷ್ಟು ಮಾಡದೇ ಮುಂದಿನದು ಓದಬೇಡಿ.

ಓಣಿಯ ಹುಡುಗರನ್ನು ಮನೆಗೆ ಹೋಗಿ ಕೇಸಿನ ಬಗ್ಗೆ ಕೇಳುವುದು ಬೇಡ. ಕೇಸಿನಲ್ಲಿರುವ ಮಗುವಿನ ಗುರುತು ಸಿಗುವ ಹಾಗೆ ಪ್ರಕಟಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೆಸರು ಹಾಕುವುದಿಲ್ಲ ಅಂತೀರಿ, ಆದರೆ 'ಇಸ್ತ್ರಿ ಅಂಗಡಿಯವನ ಎರಡನೇ ಮಗ' ಅಂತ ಬರೆದರೆ ನಿಮ್ಮ ಓಣಿಯಲ್ಲಿ ಯಾರಿಗೆ ಗೊತ್ತಾಗುವುದಿಲ್ಲ? ಅಲ್ಲದೇ ನೀವು ಅಲ್ಲಿಯ ಹುಡುಗಿ. ಅಕ್ಕ ಕೇಳಿದಳು ಅಂತ ಆ ಹುಡುಗ ಬೇಡ ಅನ್ನಲಾರದೆ ಹೇಳಿಬಿಡುತ್ತಾನೆ. ಅದು ಒಪ್ಪಿಗೆ ಅಲ್ಲ, ದಾಕ್ಷಿಣ್ಯ.

ಇನ್ನೂ ಒಂದಿದೆ. ಮಾತಾಡುತ್ತಾ ಯಾವುದೋ ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಹೇಳಿದರೆ ನೀವು ಅದನ್ನು ಗುಟ್ಟಾಗಿ ಇಡುವಂತಿಲ್ಲ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. 'ಯಾರಿಗೂ ಹೇಳುವುದಿಲ್ಲ' ಅಂತ ಮಾತು ಕೊಟ್ಟು ಶುರು ಮಾಡಿದ ಸಂದರ್ಶನ ಅಲ್ಲಿಗೆ ಬಂದು ಸಿಕ್ಕಿಬೀಳುತ್ತದೆ. ಆ ಮಗುವಿನ ಮುಂದೆ ಮಾತು ತಪ್ಪಬೇಕು, ಇಲ್ಲವಾದರೆ ಕಾನೂನು ತಪ್ಪಬೇಕು.

ಹಾಗಾದರೆ ಏನು ಮಾಡುವುದು? ವಿಷಯ ಬಿಡಬೇಡಿ, ದಿಕ್ಕು ಬದಲಿಸಿ. ಹುಡುಗರ ಬದಲು ತಾಯಂದಿರನ್ನು, ಕೇಸಿನ ವಿವರ ಕೇಳದೆ, ಸ್ಟೇಷನ್ನಿಂದ ಕರೆ ಬಂದಾಗ ಏನು ಮಾಡಿದಿರಿ, ಯಾರ ಹತ್ತಿರ ಹೋದಿರಿ, ಕೊಂಕಣಿ ಮರಾಠಿ ಕಾಗದ ಯಾರು ಓದಿ ಹೇಳಿದರು, ಉಚಿತ ವಕೀಲರು ಸಿಗುತ್ತಾರೆ ಅಂತ ಗೊತ್ತಿತ್ತಾ ಅಂತ ಕೇಳಿ. ಗೋವಾಕ್ಕೆ ಅದರದ್ದೇ ಆದ ಮಕ್ಕಳ ಕಾಯ್ದೆ 2003ರಿಂದ ಇದೆ, ಮಕ್ಕಳ ನ್ಯಾಯಾಲಯವೂ ಇದೆ. ಆ ಕಾಯ್ದೆ ಕನ್ನಡ ಮಾತ್ರ ಬರುವ ಒಬ್ಬ ಕೂಲಿ ಹೆಂಗಸಿಗೆ ಎಷ್ಟು ತಲುಪುತ್ತದೆ ಅನ್ನುವುದನ್ನು ನಿಮ್ಮ ಹಾಗೆ ಆಕೆಯ ಮಾತಿನಲ್ಲೇ ಕೇಳಬಲ್ಲ ಸಂಶೋಧಕರು ಕಡಿಮೆ. ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಕೊಟ್ಟು ಹೆಬ್ಬೆಟ್ಟು ಒತ್ತಿಸಬೇಡಿ. ನಿಮ್ಮ ಮನೆಮಾತಿನಲ್ಲಿ ಓದಿ ಹೇಳಿ, ಬೇಡ ಅನ್ನಬಹುದು ಅಂತಲೂ ಹೇಳಿ, ಒಂದು ದಿನ ಬಿಟ್ಟು ಮತ್ತೆ ಹೋಗಿ ಕೇಳಿ.

ಮುಂದೆ ಜೈಲಿನಲ್ಲಿ ಕೆಲಸ ಮಾಡಬೇಕು ಅನಿಸಿದರೆ ಕಾರಾಗೃಹ ಇಲಾಖೆಯ ಮುಖ್ಯ ಕಚೇರಿಗೆ ವಿಭಾಗದ ಮೂಲಕ ಅರ್ಜಿ ಹಾಕಿ, ಅದೂ ಮೊದಲ ಸೆಮಿಸ್ಟರಿನಲ್ಲೇ. ಮಹಾರಾಷ್ಟ್ರದ್ದು ಪುಣೆಯಲ್ಲಿದೆ. ಬರೆಯುವಾಗ ಕೈದಿ ಅಂದರೆ ಅಪರಾಧಿ ಅಂತ ಬರೆಯಬೇಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ಶೇಕಡ 75.8 ಮಂದಿ ವಿಚಾರಣಾಧೀನರು, ತಪ್ಪು ಸಾಬೀತೇ ಆಗಿರದವರು.

ಪ್ರಶ್ನೆ: ಚಾಟ್‌ಜಿಪಿಟಿ ಬಳಸಿ ಅಸೈನ್‌ಮೆಂಟ್ ಬರೆದರೆ ದುಡ್ಡು ಕೊಟ್ಟು ಬರೆಸಿದ ಹಾಗೆ ಆಗುವುದಿಲ್ಲ ಅಲ್ವಾ? – ಠಾಣೆ

ಉತ್ತರ: ದುಡ್ಡು ಉಳಿಯುತ್ತದೆ, ಉಳಿದದ್ದೆಲ್ಲ ಹಾಗೇ. ಕಷ್ಟದ ಪ್ಯಾರಾ ಸುಲಭ ಮಾಡಿ ಹೇಳು, ನನಗೆ ಹತ್ತು ಪ್ರಶ್ನೆ ಕೇಳು ಅಂತ ಬಳಸಿದರೆ ನನ್ನ ತಕರಾರಿಲ್ಲ, ನಿಮ್ಮ ವಿಭಾಗದ ನಿಯಮ ಒಪ್ಪಿದರೆ. ಆದರೆ ಅದು ಕೊಡುವ ತೀರ್ಪಿನ ಹೆಸರು, ಲೇಖನದ ಹೆಸರು ಒಂದನ್ನೂ ನೋಡದೇ ಹಾಕಬೇಡಿ. ಇಲ್ಲದ ಲೇಖಕರ ಇಲ್ಲದ ಪುಸ್ತಕವನ್ನು ಪುಟಸಂಖ್ಯೆ ಸಮೇತ ಕೊಡುವ ಅಭ್ಯಾಸ ಅದಕ್ಕಿದೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರಿಬ್ಬರು ಅದು ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೇ ಕೊಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡರು. ತೀರ್ಪು ನಿಜವಾಗಿಯೂ ಇದೆಯಾ ಅಂತ ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಹುಡುಕಲು ಎರಡು ನಿಮಿಷ ಸಾಕು.

ಪ್ರಶ್ನೆ: ಎಂ.ಎ. ಆದಮೇಲೆ ಲೆಕ್ಚರರ್ ಆಗಬೇಕು. ಕ್ರಿಮಿನಾಲಜಿಗೆ ಬೇರೆ ನೆಟ್ (ಲೆಕ್ಚರರ್ ಅರ್ಹತಾ ಪರೀಕ್ಷೆ) ಇದೆಯಾ, ಸೋಶಿಯಾಲಜಿಯದ್ದೇ ಬರೆಯಬೇಕಾ? – ಭಾಂಡುಪ್

ಉತ್ತರ: ಬೇರೆ ಇದೆ. ಯುಜಿಸಿ ನೆಟ್‌ನಲ್ಲಿ ಕ್ರಿಮಿನಾಲಜಿಯ ವಿಷಯ ಸಂಖ್ಯೆ 68, ಫೊರೆನ್ಸಿಕ್ ಸೈನ್ಸ್ 82, ಅರ್ಜಿ ತುಂಬುವಾಗ ಅದಲು ಬದಲು ಮಾಡಿಕೊಳ್ಳಬೇಡಿ. ಮೊದಲ ಪತ್ರಿಕೆ ಎಲ್ಲರಿಗೂ ಒಂದೇ, 50 ಪ್ರಶ್ನೆ, 100 ಅಂಕ. ಎರಡನೆಯದು ನಿಮ್ಮ ವಿಷಯ, 100 ಪ್ರಶ್ನೆ, 200 ಅಂಕ. ಎರಡೂ ಸೇರಿ ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಮೊದಲ ಪತ್ರಿಕೆಯನ್ನು ಹಗುರವಾಗಿ ತೆಗೆದುಕೊಂಡು ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವವರು ಜಾಸ್ತಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಸೋಶಿಯಾಲಜಿ ನೆಟ್ ಪಾಸಾದವರಿಗೆ ಕ್ರಿಮಿನಾಲಜಿ ವಿಭಾಗದಲ್ಲಿ ಕೆಲಸ ಸಿಗುತ್ತದಾ ಅನ್ನುವುದು ಆಯಾ ಜಾಹೀರಾತಿನ ಅರ್ಹತೆ ನೋಡಿ ತೀರ್ಮಾನಿಸಬೇಕಾದ್ದು, ಯಾರೋ ಹೇಳಿದರು ಅಂತ ಅರ್ಜಿ ಶುಲ್ಕ ಕಟ್ಟಬೇಡಿ.